ಕೊಟ್ಟಿಗೆಗೂ ವಾರ್ಡಿಗೂ ಒಂದೇ ಮದ್ದು

ಹಸುವಿನ ಕೆಚ್ಚಲು ಬಾವಿಗೆ ಚುಚ್ಚುವ ಔಷಧವೂ ಆಸ್ಪತ್ರೆಯಲ್ಲಿ ಜ್ವರದ ಮಗುವಿಗೆ ಚುಚ್ಚುವ ಔಷಧವೂ ಹಲವು ಸಲ ಒಂದೇ. ಒಂದು ಕಡೆ ಅದರ ಬಲ ಕುಂದಿದರೆ ಇನ್ನೊಂದು ಕಡೆಯೂ ಕುಂದುತ್ತದೆ. ಶಿವಮೊಗ್ಗ–ಭದ್ರಾವತಿ ಸೀಮೆಯಲ್ಲಿ ಹಾಲು ಕರೆಯುವವರಿಗೂ ಹಾಲು ಕುಡಿಯುವವರಿಗೂ ಸೇರಿದ ಮಾತಿದು.

ಸೆಫ್ಟ್ರಿಯಾಕ್ಸೋನ್ ಗಾಜಿನ ಪುಟ್ಟ ಬಾಟಲಿಯಲ್ಲಿ ಬರುವ ಪುಡಿ. ಅದಕ್ಕೆ ಶುದ್ಧೀಕರಿಸಿದ ನೀರು ಬೆರೆಸಿ, ಕುಲುಕಿ, ಸಿರಿಂಜಿಗೆ ಎಳೆದು ಚುಚ್ಚುತ್ತಾರೆ. ನ್ಯುಮೋನಿಯಾ, ಟೈಫಾಯ್ಡ್, ಮೂತ್ರಕೋಶದ ಸೋಂಕು, ರಕ್ತಕ್ಕಿಳಿದ ನಂಜು – ಇಂಥ ರೋಗಿ ವಾರ್ಡಿಗೆ ಬಂದಾಗ ವೈದ್ಯರು ಮೊದಲು ಕೈಹಾಕುವ ಔಷಧಗಳಲ್ಲಿ ಇದೂ ಒಂದು. ಅದೇ ಔಷಧ ಹಳ್ಳಿಯ ಕೊಟ್ಟಿಗೆಗೂ ಬರುತ್ತದೆ. ಅಲ್ಲಿ ಪ್ರಮಾಣ ಹೆಚ್ಚು, ಕಂಪನಿಯ ಲೇಬಲ್ಲು ಬೇರೆ, ಕಾಯಿಲೆ ಕೆಚ್ಚಲು ಬಾವು. ಒಳಗಿನ ಔಷಧ ಮಾತ್ರ ಅದೇ.

ಇದೊಂದೇ ಅಲ್ಲ. ಜೆಂಟಾಮೈಸಿನ್, ಅಮಾಕ್ಸಿಸಿಲಿನ್, ಟೆಟ್ರಾಸೈಕ್ಲಿನ್ ಗುಂಪಿನ ಔಷಧಗಳು ಮನುಷ್ಯರಿಗೂ ಬೇಕು, ರಾಸುಗಳಿಗೂ ಬೇಕು. ದನಗಳಿಗೆ ಕೊಡುವ ಎನ್ರೋಫ್ಲಾಕ್ಸಸಿನ್ ಹಸುವಿನ ಮೈಯಲ್ಲಿ ಒಂದಷ್ಟು ಸಿಪ್ರೋಫ್ಲಾಕ್ಸಸಿನ್ ಆಗಿಯೇ ಬದಲಾಗುತ್ತದೆ. ನಮ್ಮ ಮನೆಯ ಔಷಧದ ಡಬ್ಬಿಯಲ್ಲಿ ಉಳಿದುಕೊಂಡಿರುವ ಸಿಪ್ರೋ ಮಾತ್ರೆ ಅದೇ. ಹಾಗಾಗಿ ಕೊಟ್ಟಿಗೆಯಲ್ಲಿ ಒಂದು ಬ್ಯಾಕ್ಟೀರಿಯಾ ಈ ಔಷಧಗಳನ್ನು ಎದುರಿಸಿ ಬದುಕುವುದನ್ನು ಕಲಿತರೆ, ಅದು ಕಲಿತದ್ದು ಹಸುವಿನ ಮದ್ದನ್ನಷ್ಟೇ ಅಲ್ಲ, ನಮ್ಮ ಮದ್ದನ್ನೂ ಎದುರಿಸಲು.

ಶಿವಮೊಗ್ಗದಿಂದ ಭದ್ರಾವತಿಗೆ ಸುಮಾರು 20 ಕಿಲೊಮೀಟರ್. ನಡುದಾರಿಯ ಮಾಚೇನಹಳ್ಳಿಯಲ್ಲಿ ಶಿಮುಲ್ ಡೇರಿ ಇದೆ. ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಮೂರು ಜಿಲ್ಲೆಗಳ ಹಾಲು ಉತ್ಪಾದಕರ ಒಕ್ಕೂಟ ಅದು. ಶಿವಮೊಗ್ಗದ ವಿನೋಬನಗರದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯ, ಸಾಗರ ರಸ್ತೆಯಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಮತ್ತು ಅದರ ಮೆಗ್ಗಾನ್ ಬೋಧನಾ ಆಸ್ಪತ್ರೆ, ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ. ಹಾಲು ತೆಗೆದುಕೊಳ್ಳುವವರು, ಹಸುವಿಗೆ ಚಿಕಿತ್ಸೆ ಕೊಡುವವರು, ಮನುಷ್ಯರಿಗೆ ಚಿಕಿತ್ಸೆ ಕೊಡುವವರು, ಸೂಕ್ಷ್ಮಜೀವಿಗಳನ್ನು ಓದುವವರು – ಎಲ್ಲರೂ ಒಂದು ಗಂಟೆಯ ದಾರಿಯೊಳಗೆ ಸಿಗುವ ಇಂಥ ಜಾಗಗಳು ರಾಜ್ಯದಲ್ಲಿ ಹೆಚ್ಚಿಲ್ಲ. ಈ ಸಮಸ್ಯೆಗೆ ಉತ್ತರ ಹುಡುಕಲು ಇದಕ್ಕಿಂತ ಅನುಕೂಲದ ಊರು ಬೇಕೇ?

ಕೆಚ್ಚಲು ಬಾವಿನ ಕಥೆ

ಮಲೆನಾಡು ಗಿಡ್ಡ ಹೊತ್ತಿಗೆ ಒಂದೆರಡು ಲೀಟರ್ ಹಾಲು ಕೊಡುವ ತಳಿ. ಗುಡ್ಡ ಹತ್ತಿ ಮೇಯ್ದು ಬರುತ್ತದೆ, ಮಳೆಗೂ ಕಾಯಿಲೆಗೂ ಗಟ್ಟಿ. ಸಹಕಾರಿ ಸಂಘಗಳ ಹಾಲಿನ ದುಡ್ಡು ಹಳ್ಳಿಯ ಮನೆಗಳಿಗೆ ತಿಂಗಳ ಆಸರೆಯಾದಂತೆ ಕೊಟ್ಟಿಗೆಗೆ ಎಚ್.ಎಫ್., ಜರ್ಸಿ ಮಿಶ್ರತಳಿಗಳು ಬಂದವು. ಹಾಲು ಹೆಚ್ಚಿತು, ಅದರೊಂದಿಗೆ ದೊಡ್ಡ ಕೆಚ್ಚಲಿನ ಕಾಯಿಲೆಯೂ ಹೆಚ್ಚಿತು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಒಣಗದ ನೆಲ, ಸಗಣಿ ಗಂಜಲ ನಿಂತ ಕಲ್ಲು ಹಾಸು, ಅದರ ಮೇಲೆ ಕೆಚ್ಚಲೂರಿ ಮಲಗುವ ಹಸು: ಕೆಚ್ಚಲು ಬಾವಿಗೆ ಇದಕ್ಕಿಂತ ಹೆಚ್ಚಿನ ಕಾರಣ ಬೇಕಿಲ್ಲ.

ಕಣ್ಣಿಗೆ ಕಾಣುವ ಬಾವು ರೈತರಿಗೆ ತಕ್ಷಣ ಗೊತ್ತಾಗುತ್ತದೆ. ಕೆಚ್ಚಲು ಕೆಂಪಾಗಿ ಕಲ್ಲಿನಂತೆ ಬಿಗಿಯುತ್ತದೆ, ಮುಟ್ಟಿದರೆ ಹಸು ಒದೆಯುತ್ತದೆ, ಹಾಲು ಒಡೆದು ನೀರಾಗಿಯೋ ಗಡ್ಡೆಗಡ್ಡೆಯಾಗಿಯೋ ಬರುತ್ತದೆ. ಕಾಣದ ಬಾವು ಇದಕ್ಕಿಂತ ಹೆಚ್ಚು. ಬೆಂಗಳೂರಿನ ಯಲಹಂಕದಲ್ಲಿರುವ ರಾಷ್ಟ್ರೀಯ ಪಶುರೋಗ ಸೋಂಕುಶಾಸ್ತ್ರ ಸಂಸ್ಥೆ ‘ನಿವೇದಿ’ಯ ವಿಜ್ಞಾನಿಗಳು ದೇಶದಲ್ಲಿ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಭಾರತದ ಹಾಲು ಕರೆಯುವ ರಾಸುಗಳಲ್ಲಿ ಕಾಣದ ಕೆಚ್ಚಲು ಬಾವು ಸುಮಾರು ಶೇ 45, ಕಾಣುವ ಬಾವು ಸುಮಾರು ಶೇ 18.

ಕಾಣದ ಬಾವನ್ನು ಕಾಣಿಸುವ ಒಂದು ಸುಲಭದ ಪರೀಕ್ಷೆ ಇದೆ. 1957ರಿಂದ ಬಳಕೆಯಲ್ಲಿರುವ ಇದಕ್ಕೆ ಕ್ಯಾಲಿಫೋರ್ನಿಯಾ ಪರೀಕ್ಷೆ ಅಥವಾ ಸಿಎಂಟಿ ಎಂದು ಹೆಸರು. ಹಿಡಿಕೆಯಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ ನಾಲ್ಕು ಕುಳಿಗಳಿರುತ್ತವೆ, ನಾಲ್ಕು ಮೊಲೆಗೆ ನಾಲ್ಕು. ಪ್ರತಿ ಕುಳಿಗೂ ಆಯಾ ಮೊಲೆಯಿಂದ ಎರಡು ಸಲ ಹಿಂಡಿ ಹಾಲು ಕರೆದು, ಅಷ್ಟೇ ಪ್ರಮಾಣದ ಪರೀಕ್ಷಾ ದ್ರಾವಣ ಹಾಕಿ, ತಟ್ಟೆಯನ್ನು ಮೆಲ್ಲಗೆ ಸುತ್ತಿಸಬೇಕು. ಆರೋಗ್ಯವಾಗಿರುವ ಮೊಲೆಯ ಹಾಲು ನೀರಿನಂತೆ ಸರಾಗ ಹರಿದಾಡುತ್ತದೆ. ಬಾವಿರುವ ಮೊಲೆಯ ಹಾಲು ಹತ್ತು ಹದಿನೈದು ಸೆಕೆಂಡಿನಲ್ಲಿ ಲೋಳೆಗಟ್ಟಿ ಕುಳಿಯ ನಡುವೆ ಮುದ್ದೆಯಾಗಿ ನಿಲ್ಲುತ್ತದೆ. ಸೋಂಕಿನ ವಿರುದ್ಧ ಹೋರಾಡಲು ಕೆಚ್ಚಲಿಗೆ ಬಂದು ಸೇರಿದ ಬಿಳಿ ರಕ್ತಕಣಗಳು ದ್ರಾವಣದಲ್ಲಿ ಒಡೆದು, ಅವುಗಳೊಳಗಿನ ಡಿಎನ್‌ಎ ಹೊರಬಂದು ಹಾಲು ಮಂದವಾಗುವುದು ಇದಕ್ಕೆ ಕಾರಣ. ಬಟ್ಟೆ ಒಗೆಯುವ ಪುಡಿಯನ್ನು ನೀರಿನಲ್ಲಿ ಕದಡಿ ಬಳಸಿದರೂ ಇಂಥದೇ ಫಲಿತಾಂಶ ಸಿಗುತ್ತದೆ. ನಾಲ್ಕರಲ್ಲಿ ಯಾವ ಮೊಲೆ ಕೆಟ್ಟಿದೆ ಎಂಬುದು ಹಾಲು ಕರೆಯುವವರ ಕೈಯಲ್ಲೇ, ಕಣ್ಣೆದುರೇ ತಿಳಿದುಹೋಗುತ್ತದೆ.

ತಿಂಗಳಿಗೊಮ್ಮೆ ಹೀಗೆ ನೋಡಿಕೊಂಡರೆ ಕಾಯಿಲೆ ಕೈಮೀರುವ ಮೊದಲೇ ಹಿಡಿಯಬಹುದು. ಆದರೆ ಸಾಮಾನ್ಯವಾಗಿ ನಡೆಯುವುದು ಬೇರೆ. ಹಾಲು ಒಡೆದ ಮೇಲೆ ಗಾಬರಿ. ಪಶು ಆಸ್ಪತ್ರೆ ದೂರ, ಡಾಕ್ಟರು ಇನ್ನೊಂದು ಊರಿನಲ್ಲಿ. ಮೆಡಿಕಲ್ ಶಾಪಿನವರು ಕೊಟ್ಟ ಟ್ಯೂಬನ್ನು ಮೊಲೆಯೊಳಗೆ ಏರಿಸುವುದು, ಊರಿನಲ್ಲಿ ಇಂಜೆಕ್ಷನ್ ಹಾಕಲು ಬರುವವರನ್ನು ಕರೆಸುವುದು. ಡಾಕ್ಟರು ಬಂದರೂ ‘ಒಂದು ಪವರ್ ಇಂಜೆಕ್ಷನ್ ಹಾಕಿಬಿಡಿ ಸಾರ್’ ಎಂಬ ಒತ್ತಾಯ. ಎರಡು ದಿನಕ್ಕೆ ಬಾವು ಇಳಿದಂತೆ ಕಂಡರೆ ಮೂರನೆಯ ದಿನದ ಇಂಜೆಕ್ಷನ್ ಇಲ್ಲ.

ಅರ್ಧಕ್ಕೆ ನಿಂತ ಚಿಕಿತ್ಸೆಯಲ್ಲಿ ಸಾಯುವುದು ದುರ್ಬಲ ಬ್ಯಾಕ್ಟೀರಿಯಾಗಳು. ಗಟ್ಟಿಯಾದವು ಉಳಿಯುತ್ತವೆ. ಅನುಕೂಲ ಸಿಕ್ಕರೆ ಇಪ್ಪತ್ತೇ ನಿಮಿಷಕ್ಕೊಮ್ಮೆ ಒಂದು ಎರಡಾಗುವ ಇ. ಕೋಲೈನಂಥ ಬ್ಯಾಕ್ಟೀರಿಯಾಕ್ಕೆ ಒಂದು ರಾತ್ರಿ ಸಾಕು; ಉಳಿದ ಕೆಲವೇ ಜೀವಿಗಳ ಸಂತಾನ ಬೆಳಗಾಗುವಷ್ಟರಲ್ಲಿ ಲಕ್ಷಗಟ್ಟಲೆ. ಪೆನ್ಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ಡಿಸೆಂಬರ್‌ನಲ್ಲಿ ನೊಬೆಲ್ ಉಪನ್ಯಾಸ ಮಾಡುವಾಗಲೇ ಈ ಎಚ್ಚರಿಕೆ ಕೊಟ್ಟಿದ್ದರು. ಕಡಿಮೆ ಪ್ರಮಾಣದಲ್ಲಿ ಔಷಧ ಬಳಸಿದರೆ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಬದಲು ಅವಕ್ಕೆ ತಡೆದುಕೊಳ್ಳುವುದನ್ನು ಕಲಿಸಿದಂತಾಗುತ್ತದೆ ಎಂಬುದು ಅವರ ಮಾತಿನ ತಿರುಳು. ಔಷಧವೂ ಎಚ್ಚರಿಕೆಯೂ ಜೊತೆಜೊತೆಗೇ ಬಂದವು. ನಾವು ಒಂದನ್ನು ಮಾತ್ರ ತೆಗೆದುಕೊಂಡೆವು.

ಔಷಧವನ್ನು ತಾಳಿಕೊಳ್ಳುವ ಈ ತಡೆಶಕ್ತಿ ತಾಯಿಯಿಂದ ಮಗುವಿಗೆ ಹೋಗುವ ಗುಣ ಮಾತ್ರವಾಗಿದ್ದರೆ ತೊಂದರೆ ಇಷ್ಟು ದೊಡ್ಡದಾಗುತ್ತಿರಲಿಲ್ಲ. ಬ್ಯಾಕ್ಟೀರಿಯಾದೊಳಗೆ ಪ್ಲಾಸ್ಮಿಡ್ ಎಂಬ ಡಿಎನ್‌ಎಯ ಪುಟ್ಟ ಉಂಗುರಗಳಿರುತ್ತವೆ. ತಡೆಶಕ್ತಿಯ ಗುಟ್ಟು ಹಲವು ಸಲ ಇರುವುದು ಅವುಗಳಲ್ಲಿ. ಪಕ್ಕದ ಮನೆಗೆ ಒಂದು ಚಮಚ ಹೆಪ್ಪು ಕೊಟ್ಟ ಹಾಗೆ ಒಂದು ಬ್ಯಾಕ್ಟೀರಿಯಾ ಅದರ ನಕಲನ್ನು ಇನ್ನೊಂದಕ್ಕೆ ದಾಟಿಸುತ್ತದೆ. ಕೊಟ್ಟವರಲ್ಲಿ ಕಡಿಮೆಯಾಗುವುದಿಲ್ಲ, ತೆಗೆದುಕೊಂಡವರ ಮನೆಯಲ್ಲಿ ಹೊಸದಾಗಿ ಕಟ್ಟುತ್ತದೆ. ಹಸುವಿನ ಕರುಳಿನ ನಿರುಪದ್ರವಿ ಇ. ಕೋಲೈ ಮನುಷ್ಯರ ಕರುಳಿನ ರೋಗಕಾರಕಕ್ಕೆ ಅದನ್ನು ದಾಟಿಸಬಲ್ಲದು. ಜಾತಿ ಬೇರೆಯಾದರೂ ಅಡ್ಡಿಯಿಲ್ಲ.

ಹಾಲು ಕುದಿಸಿದರೆ ಸಾಲದೆ?

ಭದ್ರಾವತಿಯ ಹಳೇನಗರದಲ್ಲಾಗಲಿ, ಪೇಪರ್ ಟೌನಿನಲ್ಲಾಗಲಿ, ಶಿವಮೊಗ್ಗದ ಬಡಾವಣೆಗಳಲ್ಲಾಗಲಿ, ನಂದಿನಿ ಪ್ಯಾಕೆಟ್ ತರುವವರೂ ಇದ್ದಾರೆ, ಹತ್ತಿರದ ಹಳ್ಳಿಯಿಂದ ವರ್ತನೆಗೆ ಹಾಲು ಹಾಕಿಸಿಕೊಳ್ಳುವವರೂ ಇದ್ದಾರೆ. ಯಾವುದೇ ಹಾಲಾದರೂ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಉಕ್ಕಿಸದೆ ಕುಡಿಯುವುದಿಲ್ಲ. ಇದು ನಿಜಕ್ಕೂ ದೊಡ್ಡ ರಕ್ಷಣೆ. ಡೇರಿಯಲ್ಲಿ 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡು ಕಾಯಿಸುವ ಪಾಶ್ಚರೀಕರಣವಾಗಲಿ, ಮನೆಯ ಒಲೆಯಾಗಲಿ, ಕೆಚ್ಚಲಿನಿಂದ ಬಂದ ರೋಗಕಾರಕಗಳನ್ನು ಕೊಲ್ಲುತ್ತದೆ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾವೂ ಬಿಸಿಗೆ ಬಗ್ಗುತ್ತದೆ. ಹಾಗಾಗಿ ಕುದಿಸಿದ ಹಾಲಿಗೆ ಹೆದರಬೇಕಿಲ್ಲ, ಮಕ್ಕಳ ಲೋಟದಿಂದ ಹಾಲು ಕಿತ್ತುಕೊಳ್ಳಬೇಕಿಲ್ಲ. ‘ತಾಜಾ’ ಎಂದು ಹಸಿ ಹಾಲು ಕುಡಿಯುವುದನ್ನು ಮಾತ್ರ ಬಿಡಬೇಕು.

ಆದರೆ ಔಷಧದ ಉಳಿಕೆ ಬೇರೆ ವಿಷಯ. ಚಿಕಿತ್ಸೆ ಪಡೆದ ಹಸುವಿನ ಹಾಲಿನಲ್ಲಿ ಕೆಲವು ದಿನ ಆ್ಯಂಟಿಬಯೋಟಿಕ್ ಇಳಿಯುತ್ತಿರುತ್ತದೆ. ಅದು ಕುದಿಸಿದರೆ ಪೂರ್ತಿ ಹೋಗುವುದಿಲ್ಲ. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಕಟ್ಟದಿರಬಹುದು, ಏಕೆಂದರೆ ಹೆಪ್ಪಿನಲ್ಲಿರುವುದೂ ಬ್ಯಾಕ್ಟೀರಿಯಾವೇ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2018ರಲ್ಲಿ ದೇಶದ 1,103 ಊರುಗಳಿಂದ 6,432 ಹಾಲಿನ ಮಾದರಿ ತೆಗೆದು ನೋಡಿದಾಗ 77 ಮಾದರಿಗಳಲ್ಲಿ, ಅಂದರೆ ಶೇ 1.2ರಷ್ಟರಲ್ಲಿ, ಆ್ಯಂಟಿಬಯೋಟಿಕ್ ಉಳಿಕೆ ಮಿತಿ ಮೀರಿತ್ತು. ಇದು ಭಯಪಡಿಸುವ ಅಂಕಿಯಲ್ಲ. ಆದರೆ ದಿನವೂ ಎಲ್ಲ ಮನೆಗೂ ಹೋಗುವ ವಸ್ತುವಿನಲ್ಲಿ ನೂರಕ್ಕೊಂದು ಎಂದರೆ ಸಣ್ಣದೂ ಅಲ್ಲ.

ಇನ್ನು ಲೋಟದ ಹಾಲಿನ ಸುತ್ತಲೇ ಮಾತು ನಿಂತರೆ ದೊಡ್ಡ ದಾರಿಗಳು ಕಣ್ತಪ್ಪುತ್ತವೆ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಕೊಟ್ಟಿಗೆಯಿಂದ ಹೊರಡುವುದು ಮುಖ್ಯವಾಗಿ ಸಗಣಿಯಲ್ಲಿ, ಗಂಜಲದ ನೀರಿನಲ್ಲಿ, ದನ ನೋಡಿಕೊಳ್ಳುವವರ ಕೈಯಲ್ಲಿ. ನಮ್ಮ ಮನೆಗಳಲ್ಲಿ ಹಾಲು ಕರೆಯುವುದು, ಸಗಣಿ ಬಾಚುವುದು ಬಹುಪಾಲು ಹೆಣ್ಣುಮಕ್ಕಳ ಪಾಲಿನ ಕೆಲಸ. ಅಡುಗೆಮನೆಗೂ ಮಗುವಿನ ತೊಟ್ಟಿಲಿಗೂ ಹೋಗುವುದು ಅದೇ ಕೈ. ಸೋಪು ಹಾಕಿ ಕೈ ತೊಳೆಯುವುದಕ್ಕೆ ಕೊಟ್ಟಿಗೆಯ ಬಾಗಿಲಲ್ಲೇ ಒಂದು ನಲ್ಲಿ ಇದ್ದರೆ ಅದು ಎಷ್ಟೋ ಔಷಧಕ್ಕಿಂತ ಮೇಲು.

ಗೊಬ್ಬರದ ಗುಂಡಿಯಲ್ಲಿ ಸೊಪ್ಪು ಸಗಣಿ ಸೇರಿ ಚೆನ್ನಾಗಿ ಕಾವು ಏರಿ ಕಳಿತರೆ ಬ್ಯಾಕ್ಟೀರಿಯಾಗಳ ಸಂಖ್ಯೆ ಬಹಳ ಇಳಿಯುತ್ತದೆ. ಹಿರಿಯರು ಹಸಿ ಸಗಣಿಯನ್ನು ತೋಟಕ್ಕೆ ಹಾಕದೆ ಗೊಬ್ಬರವಾಗುವವರೆಗೆ ಕಾಯುತ್ತಿದ್ದ ಕ್ರಮ ಈ ಲೆಕ್ಕದಲ್ಲೂ ಸರಿ. ಕೊಟ್ಟಿಗೆ ತೊಳೆದ ನೀರನ್ನು ನೇರವಾಗಿ ಸೊಪ್ಪು ತರಕಾರಿಯ ಮಡಿಗೆ ಬಿಡುವುದು, ಚರಂಡಿಗೆ ಹರಿಸುವುದು ಅಪಾಯ. ಶಿವಮೊಗ್ಗದ ಚರಂಡಿ ಸೇರುವುದು ತುಂಗೆಯನ್ನು, ಭದ್ರಾವತಿಯದು ಭದ್ರೆಯನ್ನು. ಎರಡೂ ಕೂಡಲಿಯಲ್ಲಿ ಒಂದಾಗಿ ಮುಂದಿನ ಊರುಗಳ ಕುಡಿಯುವ ನೀರಾಗುತ್ತವೆ. 2024ರ ನವೆಂಬರ್‌ನಲ್ಲಿ ಶೃಂಗೇರಿಯಿಂದ ಹೊರಟ ನಿರ್ಮಲ ತುಂಗಭದ್ರಾ ಪಾದಯಾತ್ರೆ ಈ ನೀರಿನ ಸ್ಥಿತಿಯನ್ನೇ ಜನರ ಮುಂದಿಟ್ಟಿತು. ಊರಿನ ಕೊಳಚೆ, ಆಸ್ಪತ್ರೆಯ ನೀರು, ಕೊಟ್ಟಿಗೆಯ ನೀರು ಒಂದೇ ಕಡೆ ಸೇರುವ ಜಾಗ ಎಂದರೆ ಪ್ಲಾಸ್ಮಿಡ್‌ಗಳು ಕೈಬದಲಾಗುವ ಜಾಗವೂ ಹೌದು.

ಕಣ್ಣಿಗೆ ಬೀಳದ ಇನ್ನೊಂದು ದಾರಿ ಕರುವಿನದು. ಇಂಜೆಕ್ಷನ್ ಹಾಕಿಸಿದ ಹಸುವಿನ ಹಾಲನ್ನು ಸಂಘಕ್ಕೆ ಹಾಕುವಂತಿಲ್ಲ, ಚೆಲ್ಲಲು ಮನಸ್ಸು ಬರುವುದಿಲ್ಲ. ಕರುವಿಗೆ ಕುಡಿಸಿದರೆ ಹಾಳಾಗಲಿಲ್ಲ ಎಂಬ ಸಮಾಧಾನ. ಆದರೆ ಆ ಹಾಲಿನಲ್ಲಿರುವ ಅಲ್ಪ ಪ್ರಮಾಣದ ಔಷಧ ಎಳೆಗರುವಿನ ಕರುಳಿನಲ್ಲಿ ತಡೆಶಕ್ತಿಯ ಬ್ಯಾಕ್ಟೀರಿಯಾಗಳನ್ನೇ ಆರಿಸಿ ಬೆಳೆಸುತ್ತದೆ. ಮುಂದಿನ ಪೀಳಿಗೆಯ ಹಸು ಹುಟ್ಟಿದ ತಿಂಗಳಲ್ಲೇ ಅವುಗಳ ಮನೆಯಾಗುತ್ತದೆ.

ತಡೆಶಕ್ತಿ ಪ್ರಾಣಿಗಳಲ್ಲೂ ಮನುಷ್ಯರಲ್ಲೂ ಹಂಚಿಹೋಗುವುದಕ್ಕೆ ಜಗತ್ತಿನ ಬೇರೆಡೆ ಉದಾಹರಣೆಗಳಿವೆ. ಇಂಗ್ಲೆಂಡಿನಲ್ಲಿ ಕೆಚ್ಚಲು ಬಾವಿನ ಅಧ್ಯಯನಕ್ಕೆಂದು ಹಾಲಿನ ಮಾದರಿ ಪರೀಕ್ಷಿಸುತ್ತಿದ್ದ ಕೇಂಬ್ರಿಜ್ ವಿಜ್ಞಾನಿಗಳು 2011ರಲ್ಲಿ ಮೆಥಿಸಿಲಿನ್ ಔಷಧಕ್ಕೆ ಬಗ್ಗದ ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯಾದ ಹೊಸದೊಂದು ಬಗೆಯನ್ನು ಕಂಡರು. ಹುಡುಕಿದಾಗ ಅದೇ ಬಗೆ ಮನುಷ್ಯರ ಸೋಂಕುಗಳಲ್ಲೂ ಸಿಕ್ಕಿತು. 2015ರಲ್ಲಿ ಚೀನಾದ ಹಂದಿ ಸಾಕಣೆಯಲ್ಲಿ ಕೊಲಿಸ್ಟಿನ್ ಎಂಬ ಕಟ್ಟಕಡೆಯ ಔಷಧಕ್ಕೂ ಬಗ್ಗದ, ಪ್ಲಾಸ್ಮಿಡ್ ಮೇಲೆ ಸವಾರಿ ಮಾಡುವ ಜೀನ್ ಪತ್ತೆಯಾಯಿತು. ಕೆಲವೇ ತಿಂಗಳಲ್ಲಿ ಅದು ಹಲವು ಖಂಡಗಳಲ್ಲಿ ಇರುವುದು ಗೊತ್ತಾಯಿತು. ಭಾರತ 2019ರ ಜುಲೈನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಿಷೇಧಿಸಿತು.

ತಟ್ಟೆಯ ಮೇಲಿನ ಬಿಳಿ ಚುಕ್ಕಿಗಳು

ಬ್ಯಾಕ್ಟೀರಿಯಾ ಔಷಧಕ್ಕೆ ಬಗ್ಗುತ್ತದೋ ಇಲ್ಲವೋ ಎಂದು ತಿಳಿಯುವುದು ಹೇಗೆ? ವೈದ್ಯಕೀಯ ಕಾಲೇಜಾಗಲಿ ಪಶುವೈದ್ಯಕೀಯ ಕಾಲೇಜಾಗಲಿ, ಲ್ಯಾಬಿನಲ್ಲಿ ಮಾಡುವ ಮೂಲ ಪರೀಕ್ಷೆ ಒಂದೇ. ಚಪ್ಪಟೆ ತಟ್ಟೆಯೊಂದರಲ್ಲಿ ತೆಳು ಹಳದಿಯ ಪೋಷಕ ಲೋಳೆ ಗಟ್ಟಿಯಾಗಿ ಕೂತಿರುತ್ತದೆ. ರೋಗಿಯ ಮೂತ್ರದಿಂದಲೋ ಹಸುವಿನ ಹಾಲಿನಿಂದಲೋ ಬೇರ್ಪಡಿಸಿದ ಬ್ಯಾಕ್ಟೀರಿಯಾವನ್ನು ಅದರ ಮೇಲೆ ಹತ್ತಿಯ ಕಡ್ಡಿಯಿಂದ ಒಂದೇ ಸಮ ಸವರುತ್ತಾರೆ. ಬೇರೆಬೇರೆ ಔಷಧ ಹೀರಿಸಿದ ಬಿಳಿ ಕಾಗದದ ಚುಕ್ಕಿಗಳನ್ನು ಅಲ್ಲಲ್ಲಿ ಇಟ್ಟು, ರಾತ್ರಿಯಿಡೀ 35 ಡಿಗ್ರಿ ಬೆಚ್ಚಗಿನಲ್ಲಿ ಬಿಡುತ್ತಾರೆ. ಬೆಳಿಗ್ಗೆ ತಟ್ಟೆಯ ಮೇಲೆ ಬ್ಯಾಕ್ಟೀರಿಯಾ ಮಂಜಿನ ಪದರದಂತೆ ಹರಡಿರುತ್ತದೆ. ಔಷಧ ಕೆಲಸ ಮಾಡಿದ ಚುಕ್ಕಿಯ ಸುತ್ತ ಮಾತ್ರ ಸ್ವಚ್ಛವಾದ ವೃತ್ತ. ಅದನ್ನು ಅಳತೆಪಟ್ಟಿಯಿಂದ ಅಳೆಯುತ್ತಾರೆ. ಮನುಷ್ಯರ ಇ. ಕೋಲೈ ಸೋಂಕಿನಲ್ಲಿ ಸೆಫ್ಟ್ರಿಯಾಕ್ಸೋನ್ ಚುಕ್ಕಿಯ ವೃತ್ತ 23 ಮಿಲಿಮೀಟರ್ ಅಥವಾ ಹೆಚ್ಚಿದ್ದರೆ ಔಷಧ ನಡೆಯುತ್ತದೆ. 19 ಅಥವಾ ಕಡಿಮೆಯಿದ್ದರೆ ನಡೆಯುವುದಿಲ್ಲ. ಕೆಲವು ತಟ್ಟೆಗಳಲ್ಲಿ ವೃತ್ತವೇ ಇರುವುದಿಲ್ಲ. ಬ್ಯಾಕ್ಟೀರಿಯಾ ಚುಕ್ಕಿಯ ಅಂಚಿನವರೆಗೂ ಬೆಳೆದಿರುತ್ತದೆ.

ವೃತ್ತವಿಲ್ಲದ ತಟ್ಟೆ ಎಂದರೆ ಆ ರೋಗಿಗೆ ಮುಂದಿನ ಮೆಟ್ಟಿಲಿನ ಔಷಧ. ಅದು ದುಬಾರಿ, ಹಲವು ಸಲ ಆಸ್ಪತ್ರೆಯಲ್ಲೇ ಉಳಿದು ತೆಗೆದುಕೊಳ್ಳಬೇಕಾದದ್ದು, ಮೂತ್ರಪಿಂಡಕ್ಕೆ ಹೊರೆಯಾಗಬಹುದಾದದ್ದು. ನವಜಾತ ಶಿಶುವಿನ ನಂಜಿನಂಥ ಸಂದರ್ಭದಲ್ಲಿ ವರದಿ ಬರಲು ಬೇಕಾಗುವ ಎರಡು ಮೂರು ದಿನಗಳೇ ಜೀವದ ಪ್ರಶ್ನೆ. ಅಷ್ಟರವರೆಗೆ ಕೊಟ್ಟ ಔಷಧ ತಪ್ಪಾಗಿದ್ದರೆ ಆ ದಿನಗಳು ಮರಳಿ ಸಿಗುವುದಿಲ್ಲ.

2022ರ ಜನವರಿಯಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಜಾಗತಿಕ ಅಂದಾಜಿನಂತೆ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳೇ ನೇರ ಕಾರಣವಾಗಿ 2019ರಲ್ಲಿ 12.7 ಲಕ್ಷ ಜನ ಸತ್ತರು. 2023ರಲ್ಲಿ ಲ್ಯಾಬಿನಲ್ಲಿ ಖಚಿತಪಟ್ಟ ಬ್ಯಾಕ್ಟೀರಿಯಾ ಸೋಂಕುಗಳಲ್ಲಿ ಜಗತ್ತಿನಾದ್ಯಂತ ಆರಕ್ಕೊಂದು ಔಷಧಕ್ಕೆ ಬಗ್ಗದ್ದು, ಭಾರತವಿರುವ ಆಗ್ನೇಯ ಏಷ್ಯಾ ವಲಯದಲ್ಲಿ ಮೂರಕ್ಕೊಂದು ಎಂದು ವಿಶ್ವ ಆರೋಗ್ಯ ಸಂಸ್ಥೆ 2025ರ ಅಕ್ಟೋಬರ್‌ನಲ್ಲಿ ಹೇಳಿತು.

ಇಷ್ಟಕ್ಕೂ ಹೈನುಗಾರರೇ ಕಾರಣ ಎಂದರೆ ಅದು ಅನ್ಯಾಯ. ನೆದರ್‌ಲ್ಯಾಂಡ್ಸ್‌ನಲ್ಲಿ ಇ. ಕೋಲೈನ ಒಂದು ಮುಖ್ಯ ತಡೆಶಕ್ತಿಯ ಮೂಲ ಹುಡುಕಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜನರಲ್ಲಿ ಕಂಡ ಅಂಥ ಬ್ಯಾಕ್ಟೀರಿಯಾದ ಮೂರನೆ ಎರಡರಷ್ಟು ಮನುಷ್ಯರಿಂದಲೇ ಮನುಷ್ಯರಿಗೆ ಬಂದದ್ದು ಎಂದಾಯಿತು. ಆಹಾರ, ಸಾಕುಪ್ರಾಣಿ, ಕೊಟ್ಟಿಗೆಗಳ ಪಾಲು ಉಳಿದದ್ದು. ಚೀಟಿಯಿಲ್ಲದೆ ಆ್ಯಂಟಿಬಯೋಟಿಕ್ ಕೊಡುವ ಅಂಗಡಿ, ವೈರಸ್ ನೆಗಡಿಗೂ ಅದನ್ನೇ ಬರೆಯುವ ಕ್ಲಿನಿಕ್, ಎರಡು ದಿನ ನುಂಗಿ ಬಿಡುವ ನಾವು, ಶುದ್ಧಗೊಳ್ಳದೆ ನದಿ ಸೇರುವ ಕೊಳಚೆ – ಎಲ್ಲರ ಪಾಲೂ ಇದರಲ್ಲಿದೆ. ಕೊಟ್ಟಿಗೆಯ ಪಾಲು ಸಣ್ಣದಿರಲಿ ದೊಡ್ಡದಿರಲಿ, ಅದನ್ನು ಇಳಿಸಲು ಸಾಧ್ಯವಿದೆ ಎಂಬುದೇ ಅದರ ಬಗ್ಗೆ ಮಾತಾಡಲು ಕಾರಣ.

ಚೆಲ್ಲುವ ಹಾಲಿಗೆ ಬೆಲೆ ಕಟ್ಟುವವರು ಯಾರು?

ಕಾನೂನು ಇಲ್ಲವೆಂದಲ್ಲ. ಆಹಾರಕ್ಕಾಗಿ ಸಾಕುವ ಪ್ರಾಣಿಗಳ ಔಷಧದ ಲೇಬಲ್ಲಿನ ಮೇಲೆ, ಔಷಧ ಕೊಟ್ಟ ಮೇಲೆ ಎಷ್ಟು ದಿನ ಹಾಲು, ಮೊಟ್ಟೆ, ಮಾಂಸ ಬಳಸಬಾರದು ಎಂದು ನಮೂದಿಸಬೇಕೆಂದು ಕೇಂದ್ರ ಸರ್ಕಾರ 2012ರ ಜನವರಿಯಲ್ಲೇ ನಿಯಮ ಮಾಡಿತು. ಪ್ರತ್ಯೇಕ ಅವಧಿ ಗೊತ್ತುಮಾಡಿರದ ಔಷಧವಾದರೆ ಹಾಲಿಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ. 2013ರಲ್ಲಿ ಹಲವು ಆ್ಯಂಟಿಬಯೋಟಿಕ್‌ಗಳನ್ನು ಎಚ್1 ಪಟ್ಟಿಗೆ ಸೇರಿಸಿ, ವೈದ್ಯರ ಚೀಟಿಯಿಲ್ಲದೆ ಮಾರಬಾರದು, ಮಾರಿದ್ದಕ್ಕೆ ದಾಖಲೆ ಇಡಬೇಕು ಎಂದಾಯಿತು. 2017ರಲ್ಲಿ ಮನುಷ್ಯ, ಪ್ರಾಣಿ, ಪರಿಸರ ಮೂರನ್ನೂ ಸೇರಿಸಿದ ರಾಷ್ಟ್ರೀಯ ಕ್ರಿಯಾಯೋಜನೆ ಬಂತು.

ಈಗ ಆ ನಿಯಮವನ್ನು ಕೊಟ್ಟಿಗೆಯ ಲೆಕ್ಕಕ್ಕೆ ಇಳಿಸಿ ನೋಡೋಣ. ದಿನಕ್ಕೆ 10 ಲೀಟರ್ ಕೊಡುವ ಒಂದು ಹಸು. ಮೂರು ದಿನ ಚಿಕಿತ್ಸೆ, ಆಮೇಲೆ ಏಳು ದಿನ ಕಾಯುವುದು. ಹತ್ತು ದಿನಕ್ಕೆ 100 ಲೀಟರ್. ಲೀಟರಿಗೆ 35 ರೂಪಾಯಿ ಎಂದಿಟ್ಟುಕೊಂಡರೂ 3,500 ರೂಪಾಯಿ. ಹಾಲು ಬರದಿದ್ದರೂ ಹಿಂಡಿ ಬೂಸಾದ ಖರ್ಚು ನಿಲ್ಲುವುದಿಲ್ಲ, ಔಷಧ, ಡಾಕ್ಟರ ಖರ್ಚು ಬೇರೆ. ಎರಡು ಹಸುವಿನ ಮನೆಯಲ್ಲಿ ಇದು ಮಗುವಿನ ಶಾಲೆಯ ಫೀಸು, ಇಲ್ಲವೇ ಸಂಘದ ಸಾಲದ ಕಂತು. ಹೀಗಿರುವಾಗ ಹಾಲನ್ನು ಚೆಲ್ಲು ಎಂದು ಹೇಳುವುದು ಸುಲಭ. ಚೆಲ್ಲುವ ಕೈಗೆ ಅದು ಸುಲಭವಲ್ಲ.

ಸಂಘದಲ್ಲಿ ಹಾಲಿನ ದರ ಗೊತ್ತಾಗುವುದು ಫ್ಯಾಟಿನ ಮೇಲೆ, ಕೊಬ್ಬು ಬಿಟ್ಟು ಉಳಿದ ಘನಾಂಶದ (ಎಸ್‌ಎನ್‌ಎಫ್) ಮೇಲೆ. ಔಷಧವಿಲ್ಲದ ಹಾಲು ತಂದವರಿಗೆ ಹೆಚ್ಚು ಕೊಡುವ ಕ್ರಮ ಆ ಲೆಕ್ಕದಲ್ಲಿಲ್ಲ. ಒಬ್ಬರ ಕ್ಯಾನಿನಲ್ಲಿ ಔಷಧವಿದ್ದರೂ ಅದು ಊರಿನ ಎಲ್ಲರ ಹಾಲಿನ ಜೊತೆ ಬೆರೆಯುತ್ತದೆ. ಪ್ರಾಮಾಣಿಕವಾಗಿ ಚೆಲ್ಲಿದ ರೈತರಿಗೆ ನಷ್ಟ, ಚೆಲ್ಲದವರಿಗೆ ನಷ್ಟವಿಲ್ಲ ಎಂಬ ವ್ಯವಸ್ಥೆಯಲ್ಲಿ ನಿಯಮ ಪಾಲನೆಯಾಗಲಿ ಎಂದು ನಿರೀಕ್ಷಿಸುವುದು ಹೇಗೆ? ಕೊಟ್ಟಿಗೆಯಲ್ಲಿ ಉಳಿಸಿದ ಔಷಧದ ಲಾಭ ಊರಿಗೆಲ್ಲ ಸಿಗುತ್ತದೆ. ಹಾಗಿದ್ದ ಮೇಲೆ ಅದರ ಖರ್ಚನ್ನು ಎರಡು ಹಸುವಿನ ಮನೆಯೊಂದೇ ಹೊರಬೇಕು ಎನ್ನುವುದು ಸರಿಯಲ್ಲ. ಈ ಲೇಖನ ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ.

ಹಾದಿ ಇಲ್ಲದಿಲ್ಲ. ರಾಜ್ಯ ಸರ್ಕಾರ ಈಗಾಗಲೇ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಕೊಡುತ್ತದೆ. ಸಂಘಕ್ಕೆ ಬಂದ ಲೀಟರಿಗೆ ದುಡ್ಡು ಕೊಡಬಹುದಾದರೆ, ವೈದ್ಯರ ಚೀಟಿ ತೋರಿಸಿ ಸಂಘಕ್ಕೆ ತಾರದೆ ಉಳಿಸಿದ ಲೀಟರಿಗೂ ಒಂದು ಪಾಲು ಕೊಡಬಹುದು. ವಿಮೆ ಮಾಡಿಸಿದ ರಾಸು ಸತ್ತರೆ ಹಣ ಬರುತ್ತದೆ. ಔಷಧದ ಹಾಲು ಚೆಲ್ಲಿದವರಿಗೂ ಅಂಥ ಆಸರೆ ಬೇಕು. ಚೀಟಿಯಿದ್ದರೆ ಮಾತ್ರ ಹಣ ಎಂದಾದಾಗ ಅಂಗಡಿಯಿಂದ ನೇರ ಔಷಧ ತಂದು ಚುಚ್ಚುವುದು ತಾನಾಗಿ ಕಡಿಮೆಯಾಗುತ್ತದೆ. ಯಾವ ಹಳ್ಳಿಯಲ್ಲಿ ಯಾವ ಔಷಧ ಎಷ್ಟು ಹೋಗುತ್ತಿದೆ ಎಂಬ ಲೆಕ್ಕವೂ ಸಿಗುತ್ತದೆ.

ಚುಚ್ಚುವ ಮೊದಲು ಮಾಡಬೇಕಾದದ್ದು

ಔಷಧ ಕಡಿಮೆ ಮಾಡಲು ಮೊದಲ ಉಪಾಯ ಕಾಯಿಲೆ ಕಡಿಮೆ ಮಾಡುವುದು. ಹಾಲು ಕರೆಯುವ ಮುಂಚೆ ಕೆಚ್ಚಲು ತೊಳೆದು ಒಣಬಟ್ಟೆಯಲ್ಲಿ ಒರೆಸುವುದು, ಪ್ರತಿ ಹಸುವಿಗೂ ಬೇರೆ ಬಟ್ಟೆ. ಬಾವು ಬಂದ ಹಸುವನ್ನು ಎಲ್ಲಕ್ಕಿಂತ ಕೊನೆಗೆ ಕರೆಯುವುದು. ಕರೆದ ಮೇಲೆ ಮೊಲೆಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದುವುದು. ಕರೆದಾದ ಮೇಲೆ ಮೊಲೆಯ ತುದಿಯ ರಂಧ್ರ ಅರ್ಧ ಗಂಟೆಗೂ ಹೆಚ್ಚು ಹೊತ್ತು ತೆರೆದೇ ಇರುತ್ತದೆ. ಆ ಹೊತ್ತಿಗೆ ಹುಲ್ಲು ಹಿಂಡಿ ಮುಂದಿಟ್ಟರೆ ಹಸು ಮಲಗದೆ ನಿಂತೇ ಇರುತ್ತದೆ, ಸಗಣಿಯ ನೆಲ ಕೆಚ್ಚಲಿಗೆ ತಾಗುವುದಿಲ್ಲ. ಇಷ್ಟು ಮಾಡಲು ಹೆಚ್ಚಿನ ಖರ್ಚೇನೂ ಇಲ್ಲ, ಕ್ರಮ ಬೇಕು.

ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಬೆಂಗಳೂರಿನ ಟ್ರಾನ್ಸ್‌ಡಿಸಿಪ್ಲಿನರಿ ವಿಶ್ವವಿದ್ಯಾಲಯದ ತಜ್ಞರೊಡನೆ ಸೇರಿ ಪ್ರಚಾರ ಮಾಡುತ್ತಿರುವ ನಾಟಿ ಮದ್ದೊಂದಿದೆ. ಲೋಳೆಸರ 250 ಗ್ರಾಂ, ಅರಿಸಿನ ಪುಡಿ 50 ಗ್ರಾಂ, ಸುಣ್ಣ 15 ಗ್ರಾಂ ಸೇರಿಸಿ ಅರೆದರೆ ಕೆಂಪು ಬಣ್ಣದ ಲೇಪ ಸಿಗುತ್ತದೆ. ಕೆಚ್ಚಲನ್ನು ತೊಳೆದು, ಹಾಲು ಪೂರ್ತಿ ಹಿಂಡಿ ತೆಗೆದು, ಲೇಪಕ್ಕೆ ಸ್ವಲ್ಪ ನೀರು ಬೆರೆಸಿ ದಿನಕ್ಕೆ ಎಂಟು ಹತ್ತು ಸಲ, ಐದು ದಿನ ಹಚ್ಚುವುದು. ಜೊತೆಗೆ ನಿಂಬೆಹಣ್ಣು ತಿನ್ನಿಸುವುದು. ಆರಂಭದ ಬಾವಿಗೆ ಇದು ಉಪಯುಕ್ತ. ಹಸುವಿಗೆ ಜ್ವರ ಏರಿದ್ದರೆ, ಮೇವು ಬಿಟ್ಟಿದ್ದರೆ, ಹಾಲಿನಲ್ಲಿ ರಕ್ತ ಕಂಡರೆ ತಡಮಾಡದೆ ಪಶುವೈದ್ಯರನ್ನೇ ಕರೆಸಬೇಕು. 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನದ ಸೇವೆಯೂ ಇದೆ. ಕಾಯಿಲೆ ಬಿದ್ದ ಹಸುವಿಗೆ ಆ್ಯಂಟಿಬಯೋಟಿಕ್ ಬೇಕಾದಾಗ ಕೊಡಲೇಬೇಕು. ಕೊಟ್ಟರೆ ಸರಿಯಾದದ್ದನ್ನು, ಸರಿಯಾದ ಪ್ರಮಾಣದಲ್ಲಿ, ಪೂರ್ತಿ ದಿನ ಕೊಡಬೇಕು.

ಇದೆಲ್ಲ ಆಗುವ ಮಾತೇ ಎಂದು ಕೇಳುವವರಿಗೆ ನೆದರ್‌ಲ್ಯಾಂಡ್ಸ್ ಉತ್ತರ. ಅಲ್ಲಿ ಹಾಲು ಬತ್ತಿಸುವ ಹೊತ್ತಿಗೆ ಕಾಯಿಲೆ ಇರಲಿ ಬಿಡಲಿ ಎಲ್ಲ ಹಸುಗಳ ಮೊಲೆಗೂ ಆ್ಯಂಟಿಬಯೋಟಿಕ್ ಟ್ಯೂಬ್ ಏರಿಸುವ ರೂಢಿಯಿತ್ತು. ಅದನ್ನು ನಿಲ್ಲಿಸಿ, ಸೋಂಕಿದ್ದ ಹಸುವಿಗೆ ಮಾತ್ರ ಎಂದು ಮಾಡಿದರು. ಪ್ರತಿ ಫಾರ್ಮಿನ ಔಷಧದ ಲೆಕ್ಕ ದಾಖಲಾಗುವಂತೆ ನೋಡಿಕೊಂಡರು. 2009ರ ನಂತರದ ಒಂದು ದಶಕದಲ್ಲಿ ಆ ದೇಶದ ಸಾಕುಪ್ರಾಣಿಗಳಿಗೆ ಮಾರಾಟವಾಗುವ ಆ್ಯಂಟಿಬಯೋಟಿಕ್ ಪ್ರಮಾಣ ಶೇ 60ಕ್ಕೂ ಹೆಚ್ಚು ಇಳಿಯಿತು. ಹೈನುಗಾರಿಕೆ ಮುಳುಗಲಿಲ್ಲ.

ಈ ಜಿಲ್ಲೆಗೆ ಹೊಸ ಪಾಠವಲ್ಲ

ಪ್ರಾಣಿಗಳ ಆರೋಗ್ಯ ಬೇರೆ, ಜನರ ಆರೋಗ್ಯ ಬೇರೆ ಎಂದು ಶಿವಮೊಗ್ಗ ಜಿಲ್ಲೆ ಎಂದೂ ನಂಬಲಾರದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಅದರ ಬೆನ್ನಿಗೇ ಜನ ಜ್ವರದಿಂದ ಮಲಗಿದಾಗ ಮಂಗನ ಕಾಯಿಲೆ ಲೋಕಕ್ಕೆ ಗೊತ್ತಾಯಿತು. ಕಾಡು, ಮಂಗ, ಉಣುಗು, ಮೇಯಲು ಹೋದ ದನ, ಸೌದೆಗೆ ಹೋದ ಮನುಷ್ಯ – ಒಂದನ್ನು ಬಿಟ್ಟು ಇನ್ನೊಂದನ್ನು ನೋಡಿದರೆ ಆ ಕಾಯಿಲೆ ಅರ್ಥವಾಗುವುದಿಲ್ಲ. ಅದಕ್ಕಾಗಿಯೇ ಶಿವಮೊಗ್ಗದಲ್ಲಿ ವೈರಸ್ ಪರೀಕ್ಷೆಯ ಪ್ರಯೋಗಾಲಯ ನೆಲೆಯಾಯಿತು. ಪ್ರಾಣಿ, ಮನುಷ್ಯ, ಪರಿಸರದ ಆರೋಗ್ಯವನ್ನು ಒಟ್ಟಿಗೆ ನೋಡುವ ಕೇಂದ್ರ ಸರ್ಕಾರದ ಪ್ರಾಯೋಗಿಕ ಯೋಜನೆಗೂ 2022ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಚಾಲನೆ ಸಿಕ್ಕಿತು.

ಮಂಗನ ಕಾಯಿಲೆ ಕಲಿಸಿದ್ದನ್ನು ಹಾಲಿನ ಕೊಟ್ಟಿಗೆಗೂ ತರಬೇಕು. ಪಶುವೈದ್ಯಕೀಯ ಕಾಲೇಜು ಕೆಚ್ಚಲು ಬಾವಿನ ಹಾಲಿನಲ್ಲಿ ಕಂಡ ತಡೆಶಕ್ತಿಯ ವಿವರವನ್ನೂ ವೈದ್ಯಕೀಯ ಕಾಲೇಜು ರೋಗಿಗಳಲ್ಲಿ ಕಂಡ ವಿವರವನ್ನೂ ತಾಲ್ಲೂಕುವಾರು ಪಕ್ಕಪಕ್ಕ ಇಟ್ಟು ವರ್ಷಕ್ಕೊಮ್ಮೆ ಜನರಿಗೆ ಹೇಳಲಿ. ತುಂಗೆ ಮತ್ತು ಭದ್ರೆಯ ನೀರಿನ ಮಾದರಿಗಳನ್ನು ವಿಶ್ವವಿದ್ಯಾಲಯ ಅದಕ್ಕೆ ಸೇರಿಸಲಿ. ಯಾವ ಔಷಧ ಕೊಟ್ಟಿಗೆಯಲ್ಲಿ ಬಲ ಕಳೆದುಕೊಳ್ಳುತ್ತಿದೆ ಎಂಬುದು ಪಶುವೈದ್ಯರಿಗೆ ಮೊದಲೇ ಗೊತ್ತಾದರೆ ಅದನ್ನು ಬದಿಗಿಟ್ಟು ಹಳೆಯ, ಸರಳ ಔಷಧಕ್ಕೆ ಮರಳಬಹುದು. ಸೆಫ್ಟ್ರಿಯಾಕ್ಸೋನ್‌ನಂಥದ್ದನ್ನು ನಿಜವಾಗಿ ಬೇಕಾದ ಹೊತ್ತಿಗೆ ಉಳಿಸಿಕೊಳ್ಳಬಹುದು.

ಇಡೀ ರಾಜ್ಯದಲ್ಲಿ ಒಮ್ಮೆಲೇ ಮಾಡಬೇಕಿಲ್ಲ. ಭದ್ರಾವತಿ ತಾಲ್ಲೂಕಿನ ಹತ್ತು ಹಾಲು ಉತ್ಪಾದಕರ ಸಂಘಗಳನ್ನು ಆರಿಸಿಕೊಳ್ಳಲಿ. ಪ್ರತಿ ಸಂಘಕ್ಕೂ ಸಿಎಂಟಿ ತಟ್ಟೆ, ಔಷಧದ ಉಳಿಕೆ ತೋರಿಸುವ ಪರೀಕ್ಷಾ ಪಟ್ಟಿ, ಚಿಕಿತ್ಸೆಯ ವಿವರ ಬರೆಯಲು ಒಂದು ಪುಸ್ತಕ. ಸಂಘದ ಹೆಣ್ಣುಮಕ್ಕಳಿಗೆ ತಟ್ಟೆ ಹಿಡಿಯುವ ತರಬೇತಿ. ವೈದ್ಯರ ಚೀಟಿಯೊಂದಿಗೆ ಚೆಲ್ಲಿದ ಪ್ರತಿ ಲೀಟರಿಗೂ ಸರ್ಕಾರ ಮತ್ತು ಒಕ್ಕೂಟ ಸೇರಿ ಅರ್ಧ ಬೆಲೆ ಕೊಡಲಿ. ಒಂದು ವರ್ಷ ಮುಗಿದಾಗ ಮೂರು ಲೆಕ್ಕ ಸಿಗುತ್ತವೆ: ಕೆಚ್ಚಲು ಬಾವು ಎಷ್ಟು ಇಳಿಯಿತು, ಇಂಜೆಕ್ಷನ್ ಎಷ್ಟು ಇಳಿಯಿತು, ಪರಿಹಾರಕ್ಕೆ ಎಷ್ಟು ಹಣ ಹೋಯಿತು. ಆ ಹಣವನ್ನು ವಾರ್ಡಿನಲ್ಲಿ ಒಬ್ಬ ರೋಗಿಗೆ ಕಡೆಯ ಮೆಟ್ಟಿಲಿನ ಔಷಧ ಕೊಡಲು ತಗಲುವ ಖರ್ಚಿನ ಪಕ್ಕದಲ್ಲಿ ಇಟ್ಟು, ಯೋಜನೆ ಮುಂದುವರಿಯಬೇಕೋ ಬೇಡವೋ ಎಂದು ಜಿಲ್ಲೆ ತೀರ್ಮಾನಿಸಲಿ.